ದುಡಿದ ಕೈಯೇ ನೀಡುವ ಕೈ

ಪರೀಕ್ಷೆ ಮುಗಿಸಿ ಫಲಿತಾಂಶಕ್ಕಾಗಿ ಕಾಯುವ ದಿನಗಳಲ್ಲಿ ಕೆಲವು ಮನೆಗಳಲ್ಲಿ ಒಂದು ಮಾತು ತಲೆಯೆತ್ತುತ್ತದೆ. ‘ನನಗೆ ನೌಕರಿ ಬೇಡ, ಸೇವೆಗೆ ಹೋಗುತ್ತೇನೆ’ ಎಂದು ಮಗನೋ ಮಗಳೋ ಹೇಳುತ್ತಾರೆ. ‘ಸೇವೆ ಸರಿ, ಹೊಟ್ಟೆಗೇನು ಮಾಡುತ್ತೀಯ?’ ಎಂದು ತಂದೆತಾಯಿ ಕೇಳುತ್ತಾರೆ. ಮಕ್ಕಳಿಗೆ ಇದು ಸ್ವಾರ್ಥದ ಮಾತಾಗಿ ಕೇಳಿಸುತ್ತದೆ. ಹಿರಿಯರಿಗೆ ಮಕ್ಕಳ ಮಾತು ಹುಡುಗಾಟವಾಗಿ ಕಾಣುತ್ತದೆ. ನಿಜವಾಗಿ ನೋಡಿದರೆ ಇಬ್ಬರ ಮಾತಿನಲ್ಲೂ ಹುರುಳಿದೆ. ತಪ್ಪಿರುವುದು ಇಬ್ಬರೂ ಒಪ್ಪಿಕೊಂಡಿರುವ ಒಂದು ಎಣಿಕೆಯಲ್ಲಿ: ಸೇವೆಯ ದಾರಿ ಬೇರೆ, ಸಂಪಾದನೆಯ ದಾರಿ ಬೇರೆ ಎಂಬ ಎಣಿಕೆಯಲ್ಲಿ.

ಕ್ರೈಸ್ತ ಸಭೆಯ ಇತಿಹಾಸದಲ್ಲಿ ಈ ಪ್ರಶ್ನೆ ಆರಂಭದಿಂದಲೂ ಇದೆ. ಮೊದಲ ಶತಮಾನದಲ್ಲಿ ಊರೂರು ಸುತ್ತಿ ಸುವಾರ್ತೆ ಸಾರಿದ ಪೌಲ ಕಸುಬಿನಲ್ಲಿ ಗುಡಾರ ಮಾಡುವವನು. ಕೊರಿಂಥ ಪಟ್ಟಣಕ್ಕೆ ಬಂದಾಗ ಅದೇ ಕಸುಬಿನ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲಿ ಇದ್ದುಕೊಂಡು ಅವರೊಡನೆ ದುಡಿದನೆಂದು ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಹೇಳುತ್ತದೆ. ಯಾರಿಗೂ ಭಾರವಾಗಬಾರದೆಂದು ಹಗಲಿರುಳು ದುಡಿದೆನೆಂದು ಅವನೇ ತನ್ನ ಪತ್ರಗಳಲ್ಲಿ ಬರೆದುಕೊಂಡಿದ್ದಾನೆ. ಹಾಗೆಂದು ಸಭೆಯಿಂದ ವೇತನ ಪಡೆಯುವುದು ತಪ್ಪೆಂದು ಅವನು ಹೇಳಲಿಲ್ಲ. ಬೋಧಕರಿಗೆ ಆ ಹಕ್ಕು ಇದೆ ಎಂದೇ ವಾದಿಸಿದ. ಫಿಲಿಪ್ಪಿಯ ಸಭೆಯವರು ಕಳುಹಿಸಿದ ನೆರವನ್ನು ಕೃತಜ್ಞತೆಯಿಂದ ಸ್ವೀಕರಿಸಿದ. ಹಕ್ಕು ಇದ್ದೂ ಅದನ್ನು ಬಿಟ್ಟುಕೊಡುವ ಸ್ವಾತಂತ್ರ್ಯ ಅವನಿಗಿತ್ತು. ಆ ಸ್ವಾತಂತ್ರ್ಯ ಬಂದದ್ದು ಕೈಯಲ್ಲಿದ್ದ ಕಸುಬಿನಿಂದ. ಹನ್ನೆರಡನೆಯ ಶತಮಾನದ ಶರಣರ ಕಾಯಕ ಮತ್ತು ದಾಸೋಹದ ತತ್ತ್ವವನ್ನು ಬಲ್ಲ ಕನ್ನಡಿಗರಿಗೆ ಇದು ಹೊಸ ಮಾತೇನಲ್ಲ.

ಈ ತತ್ತ್ವವನ್ನು ಬದುಕಿನಲ್ಲಿ ಪೂರ್ತಿಯಾಗಿ ಪರೀಕ್ಷೆಗೆ ಒಡ್ಡಿದವರಲ್ಲಿ ಬಂಗಾಳದ ಸೆರಾಂಪುರದ ಮೂವರು ಮುಖ್ಯರು. ಅವರಲ್ಲಿ ಹಿರಿಯರಾದ ವಿಲಿಯಂ ಕೇರಿ ಹುಟ್ಟಿದ್ದು 1761ರಲ್ಲಿ, ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ. ತಂದೆ ಮೊದಲು ನೇಕಾರ, ಆಮೇಲೆ ಶಾಲಾ ಮಾಸ್ತರ. ಹುಡುಗ ಬೂಟು ಹೊಲಿಯುವ ಕೆಲಸ ಕಲಿಯಲು ಸೇರಿಕೊಂಡ. ಕೆಲಸದ ನಡುವೆಯೇ ಲ್ಯಾಟಿನ್, ಗ್ರೀಕ್ ಭಾಷೆಗಳನ್ನು ಕಲಿತ. ಮುಂದೆ ಒಂದು ಚಿಕ್ಕ ಸಭೆಗೆ ಪಾಲಕರಾದಾಗ ಅಲ್ಲಿ ಸಿಗುತ್ತಿದ್ದ ಹಣ ಸಂಸಾರಕ್ಕೆ ಸಾಲುತ್ತಿರಲಿಲ್ಲ. ಶಾಲೆ ನಡೆಸಿದರು, ಬೂಟು ಹೊಲಿದರು, ಭಾನುವಾರ ಬೋಧಿಸಿದರು. ಕಾಗದದ ಹಾಳೆಗಳನ್ನು ಅಂಟಿಸಿ ಮಾಡಿದ ದೊಡ್ಡದೊಂದು ಲೋಕದ ಭೂಪಟ ಅವರ ಕೆಲಸದ ಕೋಣೆಯ ಗೋಡೆಯ ಮೇಲೆ ತೂಗುತ್ತಿತ್ತು.

1792ರ ಅಕ್ಟೋಬರ್ 2ರಂದು ಕೆಟರಿಂಗ್ ಎಂಬ ಊರಿನಲ್ಲಿ ವಿಧವೆಯೊಬ್ಬರ ಮನೆಯಲ್ಲಿ ಕೆಲವರು ಸೇರಿ ಬ್ಯಾಪ್ಟಿಸ್ಟ್ ಮಿಷನರಿ ಸಂಘವನ್ನು ಕಟ್ಟಿದರು. ಅಂದು ಕೊಡುತ್ತೇವೆಂದು ಬರೆಸಿದ ಒಟ್ಟು ಮೊತ್ತ 13 ಪೌಂಡು, 2 ಶಿಲಿಂಗು, 6 ಪೆನ್ಸ್. ಮರುವರ್ಷ, ಅಂದರೆ 1793ರ ನವೆಂಬರಿನಲ್ಲಿ, ಕೇರಿ ಹೆಂಡತಿ ಮಕ್ಕಳೊಡನೆ ಕಲ್ಕತ್ತಕ್ಕೆ ಬಂದಿಳಿದರು. ತಂದ ಹಣ ಕೆಲವೇ ವಾರಗಳಲ್ಲಿ ಕರಗಿಹೋಯಿತು. ಸಾಲ ಕೇಳುವುದಕ್ಕೂ ಪರಿಚಯದವರಿಲ್ಲದ ಊರು. ಕೊನೆಗೆ 1794ರಲ್ಲಿ ಮಾಲ್ದಾ ಕಡೆಯ ಮದನಾಬತಿ ಎಂಬಲ್ಲಿ ನೀಲಿ ಕಾರ್ಖಾನೆಯ ಮೇಲ್ವಿಚಾರಕನ ಕೆಲಸ ಸಿಕ್ಕಿತು. ಸಂಬಳ ಬರತೊಡಗಿದೊಡನೆ, ಇನ್ನು ತನಗಾಗಿ ಹಣ ಕಳಿಸುವುದು ಬೇಡ, ಅದನ್ನು ಬೇರೆ ಕಡೆಗೆ ಬಳಸಿರಿ ಎಂದು ಅವರು ಸಂಘಕ್ಕೆ ಬರೆದರು. ಕಾರ್ಖಾನೆಯ ಕೆಲಸ ಸೇವೆಗೆ ಅಡ್ಡಿ ಎಂದು ಊರಿನಲ್ಲಿದ್ದ ಕೆಲವರಿಗೆ ಅನ್ನಿಸಿತು. ಕೇರಿಯವರಿಗೆ ಹಾಗೆ ಅನ್ನಿಸಲಿಲ್ಲ. ಅಲ್ಲಿದ್ದ ವರ್ಷಗಳಲ್ಲೇ ಅವರು ಬಂಗಾಳಿಯನ್ನು ಹಿಡಿತಕ್ಕೆ ತಂದುಕೊಂಡು ಹೊಸ ಒಡಂಬಡಿಕೆಯನ್ನು ಅನುವಾದಿಸಿದರು.

1799ರಲ್ಲಿ ಜೋಶುವಾ ಮಾರ್ಷ್‌ಮನ್, ಅವರ ಹೆಂಡತಿ ಹನ್ನಾ ಮತ್ತು ವಿಲಿಯಂ ವಾರ್ಡ್ ಬಂದರು. ಈಸ್ಟ್ ಇಂಡಿಯಾ ಕಂಪನಿ ತನ್ನ ನಾಡಿನಲ್ಲಿ ಮಿಷನರಿಗಳಿಗೆ ಇಂಬು ಕೊಡುತ್ತಿರಲಿಲ್ಲ. ಹೂಗ್ಲಿ ನದಿಯ ದಡದ ಸೆರಾಂಪುರ ಆಗ ಡೆನ್ಮಾರ್ಕಿನವರ ವಶದಲ್ಲಿತ್ತು. ಅಲ್ಲಿನ ಗವರ್ನರ್ ಆಶ್ರಯ ಕೊಟ್ಟರು. 1800ರ ಜನವರಿಯಲ್ಲಿ ಕೇರಿಯೂ ಅಲ್ಲಿಗೆ ಬಂದು ಸೇರಿದರು.

ಅಲ್ಲಿ ಅವರು ಮಾಡಿಕೊಂಡ ಏರ್ಪಾಡು ವಿದ್ಯಾರ್ಥಿಗಳು ಗಮನಿಸಬೇಕಾದದ್ದು. ಒಬ್ಬೊಬ್ಬರಿಗೂ ಒಂದೊಂದು ವಿದ್ಯೆ ಕೈಯಲ್ಲಿತ್ತು. ವಾರ್ಡ್ ಮುದ್ರಣದ ಕೆಲಸ ಬಲ್ಲವರು, ಮುದ್ರಣಾಲಯ ಅವರ ಪಾಲಾಯಿತು. ಮಾರ್ಷ್‌ಮನ್ ದಂಪತಿ ಪಾಠ ಹೇಳಬಲ್ಲವರು, ಹಣ ಕೊಟ್ಟು ಓದುವ ಮಕ್ಕಳಿಗಾಗಿ ವಸತಿಶಾಲೆಗಳನ್ನು ತೆರೆದರು. ಕೇರಿಯವರ ಭಾಷಾಜ್ಞಾನವನ್ನು ಕಂಡು ಕಲ್ಕತ್ತದ ಫೋರ್ಟ್ ವಿಲಿಯಂ ಕಾಲೇಜು 1801ರಲ್ಲಿ ಅವರನ್ನು ಬಂಗಾಳಿ ಕಲಿಸಲು ಕರೆಯಿತು. ಸಂಬಳ ತಿಂಗಳಿಗೆ 500 ರೂಪಾಯಿ. 1807ರಲ್ಲಿ ಪ್ರಾಧ್ಯಾಪಕರಾದಾಗ 1,000 ರೂಪಾಯಿ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಮಿಷನರಿಗಳು ಬೇಡವೆಂದ ಸರ್ಕಾರವೇ ಅವರಲ್ಲೊಬ್ಬರ ವಿದ್ಯೆಗೆ ಸಂಬಳ ಕೊಟ್ಟಿತು!

ಈ ದುಡಿಮೆಯೆಲ್ಲ ಒಂದೇ ಪೆಟ್ಟಿಗೆಗೆ ಹೋಗುತ್ತಿತ್ತು. ಪ್ರತಿ ಕುಟುಂಬಕ್ಕೂ ಒಂದು ಚಿಕ್ಕ ಕೈಖರ್ಚು, ಎಲ್ಲರಿಗೂ ಒಂದೇ ಪಂಕ್ತಿಯ ಊಟ, ಉಳಿದದ್ದು ಕೆಲಸಕ್ಕೆ. ಯಾರೂ ಸ್ವಂತಕ್ಕಾಗಿ ವ್ಯಾಪಾರ ಮಾಡುವಂತಿರಲಿಲ್ಲ. ಮನೆಯ ಮೇಲ್ವಿಚಾರಣೆಯನ್ನು ತಿಂಗಳಿಗೊಬ್ಬರಂತೆ ಸರದಿಯಲ್ಲಿ ನಡೆಸಿದರು. ಶನಿವಾರ ಸಂಜೆ ಎಲ್ಲರೂ ಸೇರಿ ವಾರದ ಮನಸ್ತಾಪಗಳನ್ನು ಮಾತಾಡಿ ಮುಗಿಸಿಕೊಳ್ಳುತ್ತಿದ್ದರು. ಆದರ್ಶದ ಬಿಸಿ ಆರಿದ ಮೇಲೂ ಜನರನ್ನು ಒಟ್ಟಿಗೆ ಇರಿಸುವುದು ಇಂಥ ಸಣ್ಣ ಕಟ್ಟುಪಾಡುಗಳೇ.

ಆ ಪೆಟ್ಟಿಗೆಯಿಂದ, ಸ್ನೇಹಿತರ ಕೊಡುಗೆಯ ನೆರವೂ ಸೇರಿ, ಹೊರಬಂದದ್ದೇನು? 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಅಚ್ಚಾಯಿತು. ಮುಂದೆ ಹತ್ತಾರು ಭಾಷೆಗಳ ಪುಸ್ತಕಗಳು ಬಂದವು. ರಾಮರಾಮ ಬಸು, ಮೃತ್ಯುಂಜಯ ವಿದ್ಯಾಲಂಕಾರರಂಥ ಪಂಡಿತರ ವಿದ್ವತ್ತೂ, ಅಚ್ಚುಮೊಳೆ ಕೆತ್ತಿದ ಪಂಚಾನನ ಕರ್ಮಕಾರರ ಕೈಚಳಕವೂ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. 1818ರಲ್ಲಿ ‘ಸಮಾಚಾರ ದರ್ಪಣ’ ಎಂಬ ಬಂಗಾಳಿ ಪತ್ರಿಕೆ ಹೊರಟಿತು. ಅದೇ ವರ್ಷ ಕ್ರೈಸ್ತರಿಗೂ ಇತರರಿಗೂ ಬಾಗಿಲು ತೆರೆದ ಸೆರಾಂಪುರ ಕಾಲೇಜು ಆರಂಭವಾಯಿತು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಂಥ ದೇವಜ್ಞಾನ ಶಾಲೆಗಳಲ್ಲಿ ಓದಿದವರು ಪದವಿ ಪಡೆಯುವುದು ಇಂದಿಗೂ ಸೆರಾಂಪುರದ ಹೆಸರಿನಲ್ಲೇ.

ಕನ್ನಡಕ್ಕೂ ಈ ಪೆಟ್ಟಿಗೆಯ ಪಾಲು ಸಂದಿದೆ. 1812ರ ಮಾರ್ಚ್ 11ರ ಸಂಜೆ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕಾಗದ, ಅಚ್ಚುಮೊಳೆ, ಹಸ್ತಪ್ರತಿಗಳು ಉರಿದುಹೋದವು. ಕೇರಿಯವರು ಸಿದ್ಧಪಡಿಸಿದ್ದ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಅದರಲ್ಲಿ ಬೂದಿಯಾಯಿತು. ಅಚ್ಚುಮೊಳೆ ಎರಕಹೊಯ್ಯುವ ಪಡಿಯಚ್ಚುಗಳು ಮಾತ್ರ ಉಳಿದಿದ್ದವು. ಕರಗಿದ ಲೋಹವನ್ನು ಬೂದಿಯಿಂದ ಹೆಕ್ಕಿ ಮತ್ತೆ ಎರಕಹೊಯ್ದರು, ಕೆಲವೇ ತಿಂಗಳಲ್ಲಿ ಮುದ್ರಣ ಮತ್ತೆ ಸಾಗಿತು. ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಬಂತು. ಸುಟ್ಟುಹೋದ ಅನುವಾದವನ್ನೂ ಹೊಸದಾಗಿ ಮಾಡಿ 1820ರ ದಶಕದಲ್ಲಿ ಅಚ್ಚು ಹಾಕಿದರು. ಅವರ ಮತಪ್ರಚಾರದ ಉದ್ದೇಶವನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಸುಟ್ಟುಹೋದದ್ದನ್ನು ಕುಳಿತು ಮೊದಲಿನಿಂದ ಬರೆದ ಆ ಶ್ರದ್ಧೆಯನ್ನು ಮಾತ್ರ ಇಬ್ಬರೂ ಒಪ್ಪಬೇಕು.

ಆದರೆ ಈ ಕಥೆಯ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಕೇರಿಯವರ ಹೆಂಡತಿ ಡೊರೊತಿಗೆ ಇಷ್ಟು ದೂರ ಬರುವ ಮನಸ್ಸೇ ಇರಲಿಲ್ಲ. ಒತ್ತಾಯಕ್ಕೆ ಕಟ್ಟುಬಿದ್ದು ಹೊರಟುಬಂದರು. 1794ರಲ್ಲಿ ಐದು ವರ್ಷದ ಮಗ ಪೀಟರ್ ಜ್ವರದಿಂದ ತೀರಿಕೊಂಡ ಮೇಲೆ ಆಕೆಯ ಬುದ್ಧಿ ಸ್ತಿಮಿತ ತಪ್ಪಿತು. ಮತ್ತೆ ಗುಣವಾಗದೆ 1807ರಲ್ಲಿ ಆಕೆ ತೀರಿಕೊಂಡರು. ತಂದೆ ಕೆಲಸದಲ್ಲಿ, ತಾಯಿ ಕಾಯಿಲೆಯಲ್ಲಿ. ಹುಡುಗರು ಹೇಳುವವರು ಕೇಳುವವರು ಇಲ್ಲದೆ ಬೆಳೆಯುತ್ತಿದ್ದರು. ಅವರನ್ನು ತಿದ್ದಿ ನೋಡಿಕೊಂಡವರು ಹನ್ನಾ ಮಾರ್ಷ್‌ಮನ್ ಮತ್ತು ವಾರ್ಡ್. ಶಾಲೆಯ ಹೊರೆ, ದೊಡ್ಡ ಸಂಸಾರದ ಹೊರೆ, ಅದರ ಮೇಲೆ ಇದು. ಸೆರಾಂಪುರದ ಹೆಸರು ಹೇಳುವಾಗ ಮೂವರು ಗಂಡಸರನ್ನು ಎಣಿಸುವುದು ರೂಢಿ. ಹನ್ನಾ ಅವರನ್ನು ಬಿಟ್ಟರೆ ಆ ಲೆಕ್ಕ ಕೂಡುವುದಿಲ್ಲ.

ಹಣದ ವಿಷಯದಲ್ಲೂ ದಾರಿ ನೇರವಾಗಿರಲಿಲ್ಲ. ತಮ್ಮ ದುಡಿಮೆಯಿಂದ ಕಟ್ಟಿದ ಆಸ್ತಿಯ ಆಡಳಿತ ತಮ್ಮ ಕೈಯಲ್ಲಿರಬೇಕೆಂದು ಸೆರಾಂಪುರದವರು ಹೇಳಿದರು. ಹೊಸಬರು ಸೇರಿದ್ದ ಲಂಡನ್ನಿನ ಸಮಿತಿ ಅದನ್ನು ತನ್ನ ಹಿಡಿತಕ್ಕೆ ತರಬಯಸಿತು. ಇವರು ಹಣ ಮಾಡಿಕೊಂಡಿದ್ದಾರೆಂಬ ಮಾತೂ ಅಲ್ಲಿ ಹುಟ್ಟಿತು. 1827ರಲ್ಲಿ ಸಂಬಂಧವೇ ಕಡಿಯಿತು. ಸ್ವಂತ ಸಂಪಾದನೆ ಇದ್ದುದರಿಂದ ಕೆಲಸ ನಿಲ್ಲಲಿಲ್ಲ. ಆದರೆ 1830ರಿಂದೀಚೆಗೆ ಕಲ್ಕತ್ತದ ದೊಡ್ಡ ದೊಡ್ಡ ವ್ಯಾಪಾರಿ ಸಂಸ್ಥೆಗಳು ಒಂದೊಂದಾಗಿ ದಿವಾಳಿಯೆದ್ದವು, ಅಲ್ಲಿಟ್ಟಿದ್ದ ಹಣ ಮುಳುಗಿತು, ಕೇರಿಯವರ ಆದಾಯವೂ ಇಳಿಯಿತು. ಸ್ವಾವಲಂಬನೆ ಎಂದರೆ ಎಂದೂ ಬತ್ತದ ಬಾವಿಯೇನಲ್ಲ. 1834ರ ಜೂನ್ 9ರಂದು ಕೇರಿ ತೀರಿಕೊಂಡಾಗ ಸೆರಾಂಪುರದ ಆಸ್ತಿಯಲ್ಲಿ ತನಗೆ ಹಕ್ಕಿಲ್ಲವೆಂದು ಉಯಿಲಿನಲ್ಲಿ ಬರೆದಿಟ್ಟಿದ್ದರು. ಮೂವತ್ತು ವರ್ಷ ದೊಡ್ಡ ಸಂಬಳ ಪಡೆದವರು ಒಬ್ಬ ಮಗನಿಗೆ ಹಣ ಬಿಡಲು ತಮ್ಮ ಪುಸ್ತಕಗಳನ್ನು ಮಾರಬೇಕೆಂದು ತಿಳಿಸಬೇಕಾಯಿತು. ಹಣ ಮಾಡಿಕೊಂಡರೆಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಲಿಲ್ಲ.

ಇಷ್ಟು ಓದಿದ ವಿದ್ಯಾರ್ಥಿಗೆ, ಹತ್ತು ಭಾಷೆ ಬಲ್ಲ ಪಂಡಿತರಿಗೆ ಇದೆಲ್ಲ ಸಾಧ್ಯ, ನಮ್ಮಂಥವರಿಗೆ ಎಲ್ಲಿ ಎಂದು ಅನ್ನಿಸಬಹುದು. ಅದಕ್ಕೆ ಉತ್ತರ ಈಶಾನ್ಯದ ಮಿಜೋರಾಮಿನಲ್ಲಿದೆ. ಅಲ್ಲಿನ ಸಭೆಗಳಲ್ಲಿ 1910ರಲ್ಲಿ ಆರಂಭವಾದ ಒಂದು ಪದ್ಧತಿಗೆ ಹಿಡಿ ಅಕ್ಕಿ ಎಂಬ ಅರ್ಥದ ಹೆಸರಿದೆ, ‘ಬುಹ್‌ಫಾಯ್ ಥಾಮ್’ ಎಂದು. ಗೃಹಿಣಿ ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿಯನ್ನು ಬೇರೆ ಪಾತ್ರೆಯಲ್ಲಿ ತೆಗೆದಿಡುತ್ತಾಳೆ. ಸಭೆಯ ಹೆಂಗಸರು ಅದನ್ನು ಮನೆಮನೆಯಿಂದ ಕೂಡಿಸುತ್ತಾರೆ. ಅದನ್ನು ಮಾರಿ ಬಂದ ಹಣ ಸಭೆಯ ಕೆಲಸಕ್ಕೆ. ನಗದು ಹಣ ಕಾಣದ ಬೆಟ್ಟದ ಹಳ್ಳಿಗಳಲ್ಲಿ ಶುರುವಾದದ್ದು ಇದು. 1960ರ ದಶಕದ ಕೊನೆಗೆ ಅಲ್ಲಿನ ಗಲಭೆಯ ದಿನಗಳಲ್ಲಿ ವೇಲ್ಸ್ ದೇಶದ ಮಿಷನರಿಗಳು ಮರಳಿಹೋಗಬೇಕಾಯಿತು. ಸಭೆಗಳು ಕುಸಿಯಲಿಲ್ಲ. ಬದಲಿಗೆ ತಾವೇ ಹೊರನಾಡುಗಳಿಗೆ ಸೇವಕರನ್ನು ಕಳುಹಿಸುವಷ್ಟು ಬೆಳೆದವು. ಹಿಡಿ ಅಕ್ಕಿ ತೆಗೆದಿಡಲು ಪದವಿ ಬೇಕಿಲ್ಲ, ಸಂಬಳವೂ ಬೇಕಿಲ್ಲ. ಮರೆಯದೆ ದಿನವೂ ಮಾಡುವ ಮನಸ್ಸು ಬೇಕು.

ನಮ್ಮೂರುಗಳ ಚರ್ಚುಗಳಲ್ಲಿಯೂ ಇಂಥ ಕೈಗಳಿವೆ. ಸಂಡೇ ಸ್ಕೂಲಿನಲ್ಲಿ ಪಾಠ ಹೇಳುವ ಬ್ಯಾಂಕ್ ಗುಮಾಸ್ತೆ, ಗಾಯನಕ್ಕೆ ಹಾರ್ಮೋನಿಯಂ ನುಡಿಸುವ ಕಾಲೇಜು ಹುಡುಗಿ, ಆಸ್ಪತ್ರೆಯಲ್ಲಿ ಯಾರೂ ಇಲ್ಲದ ರೋಗಿಯ ಬಳಿ ಕೂರುವ ನಿವೃತ್ತ ಶಿಕ್ಷಕಿ. ಇವರಾರಿಗೂ ಇದಕ್ಕೆ ಸಂಬಳವಿಲ್ಲ. ವಾರದ ಆರು ದಿನ ಅನ್ನಕ್ಕಾಗಿ ದುಡಿದು ಉಳಿದ ಹೊತ್ತನ್ನು ಇತ್ತ ಕೊಡುತ್ತಾರೆ.

ಆದ್ದರಿಂದ, ಮಕ್ಕಳು ಸೇವೆಯ ಮಾತೆತ್ತಿದಾಗ ತಂದೆತಾಯಿ ಗದರಿಸುವ ಬದಲು ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಬೇಕು. ನಿನ್ನ ಕೈಯಲ್ಲಿ ಯಾವ ವಿದ್ಯೆ ಇದೆ? ಹೋಗುವ ಕಡೆ ಹಣದ ಲೆಕ್ಕವನ್ನು ಎಲ್ಲರೂ ನೋಡುವಂತೆ ಇಡುತ್ತಾರೆಯೇ? ನಿನ್ನ ಸೇವೆಯ ಹೊರೆ ಮನೆಯಲ್ಲಿ ಯಾರ ಮೇಲೆ ಬೀಳುತ್ತದೆ, ಅವರನ್ನು ಕೇಳಿದ್ದೀಯಾ? ಮೂರನೆಯ ಪ್ರಶ್ನೆಯನ್ನು ಡೊರೊತಿ ಕೇರಿಯವರ ನೆನಪಿಗಾದರೂ ಬಿಡದೆ ಕೇಳಬೇಕು. ಮೂರಕ್ಕೂ ಉತ್ತರ ಸಿಕ್ಕಿದರೆ ಸಂತೋಷದಿಂದ ಕಳುಹಿಸಿಕೊಡಬಹುದು. ಸಿಗದಿದ್ದರೆ ವಿದ್ಯಾರ್ಥಿ ಎದೆಗುಂದಬೇಕಾಗಿಲ್ಲ. ಓದು ಮುಗಿಸಲಿ, ಒಂದು ಕಸುಬು ಕಲಿಯಲಿ, ಅಲ್ಲಿಯವರೆಗೆ ಭಾನುವಾರದ ಎರಡು ಗಂಟೆಯನ್ನು ಮೀಸಲಿಡಲಿ. ಬೂಟು ಹೊಲಿಯುತ್ತ ಗ್ರೀಕ್ ಕಲಿತ ಹುಡುಗ ಆರಂಭಿಸಿದ್ದೂ ಇಷ್ಟರಿಂದಲೇ.