ದೀಪದ ಕಂಪನಿಯ ದಲ್ಲಾಳಿತನ

ಉತ್ತರ ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿ ಡೇಟಾ ಸೆಂಟರ್ ಕಟ್ಟಬಯಸುವವರು ಜಮೀನಿನ ಬೆಲೆಗಿಂತ ಮೊದಲು ವಿಚಾರಿಸುವುದು ಎಷ್ಟು ಮೆಗಾವ್ಯಾಟ್ ಸಿಕ್ಕೀತು, ಯಾವ ವರ್ಷಕ್ಕೆ ಎಂಬುದನ್ನು. ಉತ್ತರಿಸುವುದು ಡೊಮಿನಿಯನ್ ಎನರ್ಜಿ. ಈ ವಿದ್ಯುತ್ ಕಂಪನಿಯಲ್ಲಿ ‘ಆರ್ಥಿಕ ಅಭಿವೃದ್ಧಿ’ಗೆಂದೇ ಒಂದು ವಿಭಾಗವಿದೆ, ಉದ್ಯಮಿಗಳಿಗೆ ನಿವೇಶನ ಹುಡುಕಿಕೊಡುವುದು ಅದರ ಕೆಲಸ. ಜಾರ್ಜಿಯಾ ಪವರ್, ಟೆನೆಸ್ಸಿ ವ್ಯಾಲಿ ಅಥಾರಿಟಿಗಳೂ ಇದನ್ನೇ ಮಾಡುತ್ತವೆ. ಇದು ನಾಡಿನ ಸೇವೆಯೆಂದು ಹೊಗಳುವವರು ಒಂದು ಲೆಕ್ಕವನ್ನು ಮರೆಯುತ್ತಾರೆ, ಇಲ್ಲವೇ ಮರೆಸುತ್ತಾರೆ.

ಡೊಮಿನಿಯನ್ ಏಕಸ್ವಾಮ್ಯದ ಕಂಪನಿ. ಹೂಡಿದ ಬಂಡವಾಳದ ಮೇಲೆ ಅದು ಪಡೆಯಬಹುದಾದ ಲಾಭದ ಪ್ರಮಾಣವನ್ನು ರಾಜ್ಯದ ಆಯೋಗ ನಿಗದಿಪಡಿಸುತ್ತದೆ. ಹೆಚ್ಚು ಕಂಬ, ಹೆಚ್ಚು ತಂತಿ, ಹೆಚ್ಚು ಸ್ಥಾವರ ಎಂದರೆ ಹೆಚ್ಚು ಲಾಭ. ಗಿರಾಕಿಯನ್ನು ಕರೆತರುವ ದಲ್ಲಾಳಿಯೂ ಅದೇ, ಆ ಗಿರಾಕಿಗಾಗಿ ಕಟ್ಟಿದ್ದರ ಮೇಲೆ ಗಳಿಸುವ ಗುತ್ತಿಗೆದಾರನೂ ಅದೇ. 2022ರಲ್ಲಿ ಪ್ರಸರಣ ಮಾರ್ಗಗಳು ಸಾಲವೆಂದು ಪೂರ್ವ ಲೌಡನ್ನಿನ ಹೊಸ ಕೇಂದ್ರಗಳ ಮುಂದೆ ಕೈಚೆಲ್ಲಿದ್ದೂ ಅದೇ! ಊಟಕ್ಕೆ ಕರೆದು, ಎಲೆ ಹಾಕಿದ ಮೇಲೆ ಅಕ್ಕಿ ಹುಡುಕಿದ ಕಥೆ.

ಆ ಅಕ್ಕಿಯ ಬೆಲೆ ಯಾರ ಮೇಲೆ? ಶಾಸಕಾಂಗದ ಪರಿಶೋಧನಾ ಸಂಸ್ಥೆಯ 2024ರ ಡಿಸೆಂಬರ್ ವರದಿಯ ಪ್ರಕಾರ, 2040ರ ಹೊತ್ತಿಗೆ ಸಾಮಾನ್ಯ ಮನೆಯೊಂದರ ವೆಚ್ಚ ತಿಂಗಳಿಗೆ 14ರಿಂದ 37 ಡಾಲರಿನಷ್ಟು ಏರಬಹುದು. ಎರಡೂವರೆ ಲಕ್ಷ ಚದರಡಿಯ ಕೇಂದ್ರವೊಂದರಲ್ಲಿ ಪೂರ್ಣಾವಧಿ ದುಡಿಯುವವರು ಸುಮಾರು 50 ಮಂದಿ ಎಂದೂ ಅದೇ ವರದಿ ಹೇಳುತ್ತದೆ. ಲೌಡನ್ನಿನ ಬೊಕ್ಕಸ ತುಂಬಿದೆ, ನಿಜ. ಆದರೆ ಡೊಮಿನಿಯನ್ನಿನ ಬಿಲ್ಲು ರಿಚ್ಮಂಡ್, ನಾರ್‌ಫೋಕ್‌ಗಳ ಬಾಡಿಗೆ ಮನೆಗಳಿಗೂ ಹೋಗುತ್ತದೆ. ಅಲ್ಲಿಯ ಮಕ್ಕಳು ಲೌಡನ್ನಿನ ಶಾಲೆಗಳಲ್ಲಿ ಓದುವುದಿಲ್ಲ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಬ್ರಿಟಿಷ್ ಕಂಪನಿಯ ಕೋಲಾರ ಗಣಿಗಳಿಗೆ. ಬೆಂಗಳೂರಿನ ಬೀದಿದೀಪಗಳು 1905ರವರೆಗೆ ಕಾದವು. ಕನ್ನಡಿಗರಿಗೆ ಈ ಸರದಿ ಹೊಸದಲ್ಲ. ಆದರೂ ಕ್ಲೌಡ್‌ನ ಸಂಬಳದಲ್ಲಿ ಆಶ್‌ಬರ್ನ್‌ನಲ್ಲಿ ಮನೆ ಕೊಂಡ ಅನೇಕರು ಇದನ್ನು ತಮ್ಮ ಪ್ರಶ್ನೆಯೆಂದು ಭಾವಿಸಿಲ್ಲ.

2025ರ ನವೆಂಬರಿನಲ್ಲಿ ಆಯೋಗ 25 ಮೆಗಾವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ಬೇಡುವ ಗಿರಾಕಿಗಳಿಗೆ ಪ್ರತ್ಯೇಕ ದರವರ್ಗ ರೂಪಿಸಿತು: 2027ರಿಂದ ಜಾರಿ, 14 ವರ್ಷಗಳ ಕರಾರು, ಒಪ್ಪಿಕೊಂಡ ಪ್ರಸರಣ-ವಿತರಣಾ ಬೇಡಿಕೆಯ ಕನಿಷ್ಠ ಶೇ. 85ರಷ್ಟಕ್ಕೆ ಹಣ. ಉತ್ಪಾದನೆಗೆ ಮಾತ್ರ ಶೇ. 60. ಉಳಿದ 40ರ ಅಪಾಯ ಮನೆಗಳ ಮೇಲೇಕೆ? ದಲ್ಲಾಳಿ ವಿಭಾಗದ ಖರ್ಚನ್ನು ಷೇರುದಾರರೇ ಹೊರಲಿ, ನಿವೇಶನದ ಮಾತುಕತೆಗಳು ಬಹಿರಂಗವಾಗಲಿ. ಆಯೋಗದ ಮುಂದಿನ ದರ ಪ್ರಕರಣಗಳಲ್ಲಿ ಆಸಕ್ತರು ಯಾರೇ ಲಿಖಿತ ಅಭಿಪ್ರಾಯ ಸಲ್ಲಿಸಬಹುದು. ಅದಕ್ಕೆ ಮತದಾನದ ಹಕ್ಕೂ ಬೇಕಿಲ್ಲ.