ಹದಿಹರೆಯಕ್ಕೆ ಬಹುಮಾನ ಕೊಡುವವರು ಯಾರು?

‘ಎಸ್ಸೆಸ್ಸೆಲ್ಸಿಯಲ್ಲಿ 90 ಪರ್ಸೆಂಟ್ ತೆಗೆದರೆ ಹೊಸ ಮೊಬೈಲು’ ಎನ್ನುವ ಅಪ್ಪಂದಿರಿಗೆ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಯಾರೆಂದು ಗೊತ್ತಿರಬೇಕಾಗಿಲ್ಲ. ಆದರೆ ಒಳ್ಳೆಯ ಫಲ ಸಿಕ್ಕ ವರ್ತನೆ ಮರುಕಳಿಸುತ್ತದೆ ಎಂದು 1938ರಲ್ಲಿ, ಇಲಿಗಳ ಮೇಲಿನ ಪ್ರಯೋಗಗಳನ್ನು ಮುಂದಿಟ್ಟು ಆತ ಬರೆದದ್ದನ್ನೇ ಅವರು ನೆಚ್ಚಿರುತ್ತಾರೆ. ಏಳೆಂಟು ವರ್ಷದ ಮಗುವಿನ ಹತ್ತಿರ ನಡೆದ ಈ ಉಪಾಯ 14ರ ಹೊತ್ತಿಗೆ ಕೈಕೊಡುತ್ತದೆ. ಆಗ ಹೆತ್ತವರು ಮಗನ ಆಸೆ ಬಿಡುತ್ತಾರೆ. ಓದಿಕೊಂಡವರು ಸ್ಕಿನ್ನರ್‌ನ ವರ್ತನಾವಾದವನ್ನೇ ಬಿಡುತ್ತಾರೆ. ಎರಡೂ ಆತುರದ ತೀರ್ಮಾನ. ನಿಯಮ ಇದ್ದ ಹಾಗೇ ಇದೆ, ಬಹುಮಾನ ಕೊಡುವ ಕೈ ಬೇರೆಯಾಗಿದೆ.

ಅಮೆರಿಕದ ಆರೆಗಾನ್‌ನಲ್ಲಿ ಮನಶ್ಶಾಸ್ತ್ರಜ್ಞ ಥಾಮಸ್ ಡಿಶನ್ ಮತ್ತು ಸಂಗಡಿಗರು 13–14ರ ಹುಡುಗರನ್ನು ಗೆಳೆಯರ ಜೊತೆ ಕೂರಿಸಿ ಅವರ ಮಾತುಕತೆಯನ್ನು ವಿಡಿಯೊ ಮಾಡಿಕೊಂಡರು. ನಿಯಮ ಮುರಿದ ಮಾತಿಗೆ ಗೆಳೆಯ ನಕ್ಕರೆ ಮಾತು ಮತ್ತೆ ಅತ್ತಲೇ ಹೊರಳುತ್ತಿತ್ತು. ಹೀಗೆ ನಗು ಗಿಟ್ಟಿಸಿದ ಹುಡುಗರಲ್ಲಿ ಮುಂದೆ ಪುಂಡಾಟ ಹೆಚ್ಚಿದ್ದನ್ನು 1996ರಲ್ಲಿ ಅವರು ದಾಖಲಿಸಿದರು. ಹಿಂದಿನ ಬೆಂಚಿನ ಹುಡುಗನಿಗೆ ಮೇಷ್ಟ್ರು ಬೈದಾಗ ಪಕ್ಕದ ಮೂವರು ಕಿಸಕ್ಕೆಂದರೆ, ಮೇಷ್ಟ್ರ ಲೆಕ್ಕದಲ್ಲಿ ಅದು ಶಿಕ್ಷೆ. ಹುಡುಗನಿಗೆ ಸಿಕ್ಕಿದ್ದು ಸಂಭಾವನೆ.

ಮನೆಯೊಳಗಿನ ಕಲಿಕೆ ಇನ್ನೂ ಗೋಜಲು. ‘ಫೋನ್ ಇಟ್ಟು ಓದ್ಕೋಳೋ’ ಎನ್ನುತ್ತಾಳೆ ತಾಯಿ. ಮಗ ರೇಗಿ ಬಾಗಿಲು ದಢಾರನೆ ಹಾಕುತ್ತಾನೆ. ‘ಏನಾದ್ರೂ ಮಾಡ್ಕೊಂಡು ಸಾಯಿ’ ಎಂದು ಆಕೆ ಅಡುಗೆಮನೆಗೆ ಹೋಗುತ್ತಾಳೆ. ರೇಗಿದರೆ ಕಿರಿಕಿರಿ ತಪ್ಪುತ್ತದೆಂದು ಮಗ ಕಲಿತ. ಸುಮ್ಮನಾದರೆ ಗಲಾಟೆ ತಪ್ಪುತ್ತದೆಂದು ತಾಯಿಯೂ ಕಲಿತಳು. ಬಿ.ಎಡ್. ಓದುವವರು ಪರೀಕ್ಷೆಗೆಂದು ಉರುಹೊಡೆಯುವ ಋಣಾತ್ಮಕ ಪುನರ್ಬಲನ ಇದೇ. ಇಬ್ಬರೂ ಒಬ್ಬರನ್ನೊಬ್ಬರು ಪಳಗಿಸುವ ಈ ಸುಳಿಯನ್ನು ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ವರ್ಷಗಟ್ಟಲೆ ಮನೆಮನೆಗಳಲ್ಲಿ ಗಮನಿಸಿ ವಿವರಿಸಿದ. ತಾಯಿಯನ್ನು ದೂರುವವರು ಇದನ್ನು ಓದಬೇಕು.

ಅಪ್ಪನ ಮೊಬೈಲಿಗಿಂತ ಗೆಳೆಯನ ನಗು ಯಾಕೆ ತೂಕದ್ದು ಎಂಬುದಕ್ಕೆ ಸ್ಕಿನ್ನರ್‌ನ ಇಲಿಯ ಪೆಟ್ಟಿಗೆಯಲ್ಲಿ ಉತ್ತರವಿಲ್ಲ, ನಿಜ. ನಾಲ್ಕು ಜನರ ನಡುವೆ ತಾನು ಯಾರೆಂದು ಹುಡುಕುವ ವಯಸ್ಸು ಅದು. ಆದರೂ ಏನು ಮಾಡಬಾರದೆಂಬುದನ್ನು ಈ ಸಿದ್ಧಾಂತ ಸ್ಪಷ್ಟವಾಗಿ ಹೇಳುತ್ತದೆ. ತಂಟೆಕೋರರನ್ನು ಒಟ್ಟುಗೂಡಿಸಿ ತಿದ್ದಲು ಹೊರಟ ಕೆಲವು ಕಾರ್ಯಕ್ರಮಗಳಿಂದ ಹುಡುಗರು ಮತ್ತಷ್ಟು ಕೆಟ್ಟರೆಂದು 1999ರಲ್ಲಿ ಡಿಶನ್ ಮತ್ತು ಸಹೋದ್ಯೋಗಿಗಳೇ ಎಚ್ಚರಿಸಿದರು. ದಡ್ಡರು, ಪುಂಡರು ಎಂದು ಆರಿಸಿ ಬೇರೆ ಸೆಕ್ಷನ್ ಮಾಡುವ ನಮ್ಮ ಶಾಲೆಗಳು ಅದೇ ತಪ್ಪನ್ನು ಮಾಡುತ್ತಿವೆ. ಹಿಂದಿನ ಬೆಂಚಿನ ಆ ಹುಡುಗನನ್ನು ವಾಲಿಬಾಲ್ ತಂಡಕ್ಕೋ ವಾರ್ಷಿಕೋತ್ಸವದ ನಾಟಕಕ್ಕೋ ಸೇರಿಸಿಕೊಳ್ಳಲಿ. ಓರಗೆಯವರ ಮೆಚ್ಚುಗೆ ಅವನಿಗೆ ಅಲ್ಲೂ ಸಿಗುತ್ತದೆ, ಮೇಷ್ಟ್ರನ್ನು ಕೆಣಕದೆಯೇ.