ಕತ್ತರಿಸದ ಕತ್ತರಿ

ವಿವಾಹದ ಕರೆಯೋಲೆಯನ್ನಾಗಲಿ ಉತ್ತರಕ್ರಿಯೆಯ ಪತ್ರಿಕೆಯನ್ನಾಗಲಿ ಮನೆಯ ಮಕ್ಕಳೇ ಕಂಪ್ಯೂಟರಿನಲ್ಲಿ ಸಿದ್ಧಗೊಳಿಸಿ ಮುದ್ರಣಾಲಯಕ್ಕೆ ಕಳುಹಿಸುವ ರೂಢಿ ಈಗ ನಮ್ಮವರಲ್ಲಿ ಬೆಳೆದಿದೆ. ಗಡಿಯಾಚೆ ನೆಲಸಿದ ನಮಗೆ ಇದೊಂದು ಅನುಕೂಲವೇ ಸರಿ. ಕನ್ನಡ ಬಾರದ ಅಚ್ಚುಮನೆಗಳಲ್ಲಿ ನಮ್ಮ ಒತ್ತಕ್ಷರಗಳು ಪಡುವ ಪಾಡನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಈ ಕೆಲಸದಲ್ಲಿ ಪದೇಪದೇ ಬೇಕಾಗುವ ‘ಕ್ಲಿಪ್ಪಿಂಗ್ ಮಾಸ್ಕ್’ ಎಂಬ ಉಪಾಯವನ್ನು ಕುರಿತು ಈ ತಿಂಗಳು ನಾಲ್ಕು ಮಾತು ಹೇಳಬಯಸುತ್ತೇವೆ.

ಹಳೆಯ ಗುಂಪುಚಿತ್ರವೊಂದರಿಂದ ಅಜ್ಜನ ಮುಖವನ್ನಷ್ಟೇ ದುಂಡಾಗಿ ತೋರಿಸಬೇಕಾಗಿದೆಯೆಂದು ಭಾವಿಸೋಣ. ಬೆಲೆಯಿಲ್ಲದೆ ದೊರೆಯುವ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಚಿತ್ರವನ್ನಿರಿಸಿ, ಮುಖದ ಮೇಲೆ ವೃತ್ತವೊಂದನ್ನು ಬರೆದು, ಎರಡನ್ನೂ ಒಟ್ಟಿಗೆ ಆಯ್ದು, ‘ಆಬ್ಜೆಕ್ಟ್’ ಪಟ್ಟಿಯ ‘ಕ್ಲಿಪ್’ ಎಂಬಲ್ಲಿ ‘ಸೆಟ್ ಕ್ಲಿಪ್’ ಎಂಬುದನ್ನು ಒತ್ತಿದರಾಯಿತು. ಇಲ್ಲಸ್ಟ್ರೇಟರ್ ಬಳಸುವವರು ಕಂಟ್ರೋಲ್ ಕೀಲಿಯೊಡನೆ 7ನ್ನು ಒತ್ತುತ್ತಾರೆ. ವೃತ್ತವು ಚಿತ್ರದ ಮೇಲಿರತಕ್ಕದ್ದು. ಅದರ ಬಣ್ಣವೂ ಗೆರೆಯೂ ಮಾಯವಾಗುವುದರಿಂದ ಅಂಚು ಬೇಕೆನ್ನುವವರು ವೃತ್ತದ ಪ್ರತಿಯೊಂದನ್ನು ಮೊದಲೇ ತೆಗೆದಿರಿಸಿಕೊಳ್ಳಲಿ.

ಅಕ್ಷರದೊಳಗೆ ಚಿತ್ರ ತುಂಬುವವರಿಗೆ ಕನ್ನಡದಲ್ಲಿ ಇನ್ನೊಂದು ತೊಡಕುಂಟು. ‘ಶ್ರೀ’ಕಾರವನ್ನು ರೇಖಾರೂಪಕ್ಕೆ ತಂದು ಬಿಡಿಸಿದಾಗ ಅಕ್ಷರ, ಒತ್ತು, ದೀರ್ಘ ಬೇರೆಬೇರೆಯಾಗಬಹುದು, ಆಗ ಎಲ್ಲಕ್ಕಿಂತ ಮೇಲಿನ ತುಂಡೊಂದೇ ಚಿತ್ರಕ್ಕೆ ಕಂಡಿಯಾಗುತ್ತದೆ. ಇಂಕ್‌ಸ್ಕೇಪಿನ ‘ಯೂನಿಯನ್’ನಿಂದ, ಇಲ್ಲಸ್ಟ್ರೇಟರಿನ ‘ಕಾಂಪೌಂಡ್ ಪಾತ್’ನಿಂದ ಅವನ್ನು ಮೊದಲು ಒಂದಾಗಿಸಬೇಕು.

ಇಷ್ಟನ್ನು ಮಕ್ಕಳು ತಾವಾಗಿಯೇ ಕಲಿತಾರು. ಹಿರಿಯರೂ ಅರಿತಿರಬೇಕಾದ ಸಂಗತಿ ಬೇರೆಯಿದೆ. ಈ ಉಪಾಯವು ಚಿತ್ರವನ್ನು ಕತ್ತರಿಸುವುದೇ ಇಲ್ಲ. ಕಿಟಕಿಯಷ್ಟನ್ನು ತೆರೆದು ಮಿಕ್ಕುದನ್ನು ಗೋಡೆಯ ಹಿಂದಿರಿಸುತ್ತದೆ. ಹಿಂದೆ ಭಾವಚಿತ್ರವನ್ನು ಕತ್ತರಿಯಿಂದ ದುಂಡಗೆ ಕೊಯ್ದು ಕಟ್ಟು ಹಾಕಿಸಿದಾಗ ಅಜ್ಜನ ಪಕ್ಕದಲ್ಲಿ ನಿಂತ ಚಿಕ್ಕಮ್ಮ ಶಾಶ್ವತವಾಗಿ ಕಳೆದುಹೋಗುತ್ತಿದ್ದಳು. ಈಗ ‘ರಿಲೀಸ್’ ಎಂದೊಡನೆ ಎಲ್ಲರೂ ಮರಳಿ ಬರುತ್ತಾರೆ. ಇದು ಸಂತೋಷದ ಮಾತು.

ಆದರೆ ಬೇರೆ ಭಾವಚಿತ್ರ ದೊರೆಯದೆ ಆಧಾರ್ ಚೀಟಿಯ ಪ್ರತಿಯಿಂದಲೇ ಮುಖವನ್ನು ತೋರಿಸಿದ್ದರೆ? ಕಾಣುವುದು ಮುಖವಷ್ಟೇ, ಚಿತ್ರವನ್ನು ಕಡತದೊಳಗೇ ಸೇರಿಸಿದ್ದರೆ 12 ಅಂಕಿಗಳ ಸಂಖ್ಯೆಯೂ ಅಲ್ಲೇ ಕುಳಿತಿರುತ್ತದೆ. ಎಸ್‌ವಿಜಿ ಕಡತ ಯಾರ ಕೈ ಸೇರಿದರೂ ಮುಸುಕನ್ನು ತೆಗೆಯಲು ಕ್ಷಣ ಸಾಕು. ಪಿಡಿಎಫ್ ಮಾಡಿದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ; ಮರೆಯಾದ ಭಾಗ ಅದರೊಳಗೂ ಉಳಿದಿರಬಹುದು.

ಪಿಎನ್‌ಜಿ ರೂಪಕ್ಕೆ ರಫ್ತು ಮಾಡಿದರೆ ಕಾಣುವಷ್ಟು ಮಾತ್ರ ಹೋಗುತ್ತದೆ, ನಿಜ. ಆದರೆ ಇಡೀ ಪತ್ರಿಕೆಯನ್ನೇ ಹಾಗೆ ಮಾಡಿದರೆ ಹಿಗ್ಗಿಸಿದಾಗ ಅಕ್ಷರಗಳ ಅಂಚು ಮಸುಕಾದೀತು. ಆದುದರಿಂದ ಭಾವಚಿತ್ರವನ್ನು ಬೇರೆ ತಂತ್ರಾಂಶದಲ್ಲಿ ಮುಖದಷ್ಟಕ್ಕೆ ನಿಜವಾಗಿಯೇ ಕತ್ತರಿಸಿ, ಆ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿ, ಅದನ್ನೇ ಪತ್ರಿಕೆಯಲ್ಲಿ ಬಳಸುವುದು ಲೇಸೆಂದು ನಮ್ಮ ಅಭಿಪ್ರಾಯ. ಮೂಲ ಗುಂಪುಚಿತ್ರ ಮನೆಯಲ್ಲಿಯೇ ಜೋಪಾನವಾಗಿರಲಿ.